ಲೇಬರ್ ರೂಮಿನ ಗಡಿಯಾರ: ಮಂಡ್ಯದಲ್ಲಿ ನನ್ನ 21 ದಿನದ ತರಬೇತಿ

ಆರ್ಡರ್ ಬಂದದ್ದು ವಾಟ್ಸಾಪಿನಲ್ಲಿ. ಸೋಮವಾರದಿಂದ ಎಸ್‌ಬಿಎ ತರಬೇತಿ, 21 ದಿನ, ಜಾಗ ಮಂಡ್ಯದ ದೊಡ್ಡಾಸ್ಪತ್ರೆ. ಪಟ್ಟಿಯಲ್ಲಿ ನಾಲ್ಕು ಹೆಸರು. ಕೊನೆಯದು ನನ್ನದು.

ನಾನು ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಒಂಬತ್ತು ವರ್ಷವಾಗಿತ್ತು. ಮೊದಲ ಐದು ವರ್ಷ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೆ. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಇಲ್ಲಿ ತಿಂಗಳಿಗೆ ಐದಾರು ಹೆರಿಗೆ ಆಗುತ್ತವೆ. ಅರ್ಧಕ್ಕರ್ಧ ರಾತ್ರಿ ಹೊತ್ತಿನವು. ಆ ಹೊತ್ತಿನಲ್ಲಿ ಒಳಗೆ ಇರುವುದು ನಾನು ಮತ್ತು ಒಬ್ಬ ಡಿ ಗ್ರೂಪ್ ಅಕ್ಕ. ಹೊರಗೆ ಬೆಂಚಿನ ಮೇಲೆ ಬಸುರಿಯ ಮನೆಯವರು, ಜೊತೆಗೆ ಆಶಾ ಕಾರ್ಯಕರ್ತೆ. ಡಾಕ್ಟರ್ ಫೋನಿನಲ್ಲಿ ಸಿಗುತ್ತಾರೆ.

ಎಸ್‌ಬಿಎ ಅಂದರೆ ಸ್ಕಿಲ್ಡ್ ಬರ್ತ್ ಅಟೆಂಡೆಂಟ್. ಹೆರಿಗೆ ಮಾಡಿಸುವ ಸ್ಟಾಫ್ ನರ್ಸ್, ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ), ಎಲ್‌ಎಚ್‌ವಿ (ಅವರ ಮೇಲ್ವಿಚಾರಕಿ) ಇವರಿಗೆ ಸರ್ಕಾರ ಕೊಡುವ ತರಬೇತಿ ಇದು. ಆರ್ಡರ್ ನೋಡಿದಾಗ ನನಗೆ ಖುಷಿಯೇನೂ ಆಗಲಿಲ್ಲ. ನಾಲ್ಕು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದೇನೆ, ಈಗ ಹೋಗಿ ಕಲಿಯುವುದು ಏನಿದೆ ಅನ್ನಿಸಿತು. ಅದಕ್ಕಿಂತ ಜಾಸ್ತಿ, ಡ್ಯೂಟಿಯದ್ದೇ ಚಿಂತೆ. ನಮ್ಮಲ್ಲಿ ಸ್ಟಾಫ್ ನರ್ಸ್ ಮೂರೇ ಜನ. ನಾನು ಹೋದರೆ ಉಳಿದ ಇಬ್ಬರು ಮೂರು ವಾರ ಹಗಲು ರಾತ್ರಿ ಹಂಚಿಕೊಂಡು ಎಳೆಯಬೇಕು. ಇಂಥ ತರಬೇತಿಗೆ ಹೆಸರು ಬಂದಾಗ ಎಷ್ಟೋ ಜನ ಹೋಗದೆ ಉಳಿಯುವುದು ಇದೇ ಕಾರಣಕ್ಕೆ. ಬಿಟ್ಟು ಬರುವ ಕೆಲಸ ಇನ್ನೊಬ್ಬರ ಹೆಗಲಿಗೆ ಬೀಳುತ್ತದಲ್ಲ, ಅದು ಮನಸ್ಸಿಗೆ ಒಪ್ಪುವುದಿಲ್ಲ.

ನಮ್ಮ ಮೂವರಲ್ಲಿ ಚಿಕ್ಕವಳು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಅವಳೇ ಹೇಳಿದಳು, "ಹೋಗ್ಬಾ ಅಕ್ಕ. ಮೂರು ವಾರ ತಾನೆ, ನಾವು ನೋಡ್ಕೋತೀವಿ. ಬಂದ್ಮೇಲೆ ನನಗೂ ಹೇಳ್ಕೊಡು, ಅಷ್ಟೇ." ನಮ್ಮ ವೈದ್ಯಾಧಿಕಾರಿ ಎಂಓ ಸರ್ ಅವತ್ತೇ ರಿಲೀವ್ ಮಾಡಿದರು. ಎರಡನೇ ಕ್ಲಾಸಿನ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಕಲ್ಲಹಳ್ಳಿಯ ನಾದಿನಿ ಮನೆಗೆ ಬ್ಯಾಗು ಹೊತ್ತುಕೊಂಡು ಹೋದೆ.

ಮೊದಲ ದಿನ ಬೆಳಿಗ್ಗೆ ಪ್ರೀ ಟೆಸ್ಟ್. ಒಂದು ಖಾಲಿ ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ಗ್ರಾಫ್ ಹಾಳೆ ಕೊಟ್ಟು, ಪಕ್ಕದಲ್ಲಿ ಒಬ್ಬ ಬಸುರಿಯ ವಿವರ ಬರೆದಿದ್ದರು. ಇಷ್ಟು ಗಂಟೆಗೆ ಬಂದಳು, ಗರ್ಭಕೊರಳು ಇಷ್ಟು ತೆರೆದಿತ್ತು, ಮಗುವಿನ ಎದೆಬಡಿತ ಇಷ್ಟು. ಇದನ್ನು ಗ್ರಾಫಿನಲ್ಲಿ ಗುರುತು ಮಾಡಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಬರೆಯಿರಿ.

ನನ್ನ ಪೆನ್ನು ಓಡಲಿಲ್ಲ. ನಾಲ್ಕು ವರ್ಷದಲ್ಲಿ ಆ ಹಾಳೆಯನ್ನು ಎಷ್ಟೋ ಸಲ ತುಂಬಿಸಿದ್ದೆ. ಆದರೆ ಒಂದು ಸಲವೂ ಅದನ್ನು ಓದಿರಲಿಲ್ಲ.

ಟೆಸ್ಟ್ ಮುಗಿದ ಮೇಲೆ ತರಗತಿ ತೆಗೆದುಕೊಳ್ಳುತ್ತಿದ್ದ ಮೇಡಂ ಕೇಳಿದರು, "ನಿಜ ಹೇಳಿ. ಹೆರಿಗೆ ಆದಮೇಲೆ ಪಾರ್ಟೋಗ್ರಾಫ್ ಬರೆಯೋರು ಯಾರು?" ನಾಲ್ವರೂ ತಲೆ ತಗ್ಗಿಸಿದೆವು. ಸ್ವಲ್ಪ ಹೊತ್ತಾದ ಮೇಲೆ ಕೆ.ಆರ್. ಪೇಟೆ ಕಡೆಯಿಂದ ಬಂದಿದ್ದ ಸಿಸ್ಟರ್ ಕೈ ಎತ್ತಿದರು. ಆಮೇಲೆ ನಾನು. ಆಮೇಲೆ ಉಳಿದಿಬ್ಬರು. ಮೇಡಂ ಬೈಯಲಿಲ್ಲ. "ಒಪ್ಪಿಕೊಂಡ್ರಲ್ಲ, ಒಳ್ಳೇದಾಯ್ತು. ಇವತ್ತಿಂದ ಪೆನ್ನು ಜೇಬಲ್ಲೇ ಇರಲಿ," ಅಂದರು.

ಹೇಗೆ ಆಗುತ್ತಿತ್ತು ಅಂದರೆ, ಮಗು ಹುಟ್ಟಿ, ಕಸ (ಮಾಸು) ಬಿದ್ದು, ಬಾಣಂತಿಯನ್ನು ವಾರ್ಡಿಗೆ ಕಳಿಸಿದ ಮೇಲೆ ಕೇಸ್ ಶೀಟ್ ಪೂರ್ತಿ ಮಾಡಲು ಕೂರುತ್ತಿದ್ದೆ. ಫೈಲಿನಲ್ಲಿ ಪಾರ್ಟೋಗ್ರಾಫ್ ಇರಲೇಬೇಕು. ಹುಟ್ಟಿದ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ, ಗಂಟೆಗೆ ಒಂದು ಸೆಂಟಿಮೀಟರ್ ಅಂತ ಗುರುತು ಹಾಕುತ್ತಿದ್ದೆ. ನಾನು ಬರೆದ ಹಾಳೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ಎಲ್ಲ ತಾಯಂದಿರ ಗೆರೆಯೂ ಒಂದೇ ಥರ ಇರುತ್ತಿತ್ತು. ಹೆರಿಗೆ ನೋವು ಹಾಗೆ ಒಂದೇ ಥರ ಬರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬರೆಯುತ್ತಿದ್ದೆ. ಇದನ್ನು ಈಗ ಬರೆಯುವಾಗಲೂ ಮನಸ್ಸು ಭಾರವಾಗುತ್ತದೆ.

ನಮ್ಮ ಕೆಲಸದಲ್ಲಿ ಇಲ್ಲದವರಿಗಾಗಿ ಆ ಹಾಳೆಯ ಬಗ್ಗೆ ನಾಲ್ಕು ಮಾತು. ಗರ್ಭಕೊರಳು 4 ಸೆಂಟಿಮೀಟರ್ ತೆರೆದಾಗ ಗುರುತು ಹಾಕಲು ಶುರು. ಅಲ್ಲಿಂದ ಹತ್ತರವರೆಗೆ, ಗಂಟೆಗೆ ಒಂದರಂತೆ, ಹಾಳೆಯಲ್ಲೇ ಓರೆಯಾಗಿ ಒಂದು ಗೆರೆ ಅಚ್ಚಾಗಿರುತ್ತದೆ. ಅದು ಅಲರ್ಟ್ ಗೆರೆ. ಅದರಿಂದ ನಾಲ್ಕು ಗಂಟೆ ಬಲಕ್ಕೆ ಇನ್ನೊಂದು, ಆ್ಯಕ್ಷನ್ ಗೆರೆ. ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಮಾಡಿ, ಎಷ್ಟು ತೆರೆದಿದೆ ಅಂತ ಇಂಟು ಗುರುತು ಹಾಕಬೇಕು. ಗುರುತು ಅಲರ್ಟ್ ಗೆರೆಯ ಎಡಕ್ಕೇ ಇದ್ದರೆ ಸರಿ. ಬಲಕ್ಕೆ ದಾಟಿತೋ, ನಮ್ಮಂಥ ಸಣ್ಣ ಆಸ್ಪತ್ರೆಯವರು ದೊಡ್ಡಾಸ್ಪತ್ರೆಗೆ ಕಳಿಸಲು ತಯಾರಾಗಬೇಕು. ಆ್ಯಕ್ಷನ್ ಗೆರೆ ಮುಟ್ಟುವ ಹೊತ್ತಿಗೆ ಅವಳು ಆಪರೇಷನ್ ಆಗುವಂಥ ಜಾಗದಲ್ಲಿರಬೇಕು. ನಡುವಿನ ಆ ನಾಲ್ಕು ಗಂಟೆ ಇರುವುದೇ ಆಂಬುಲೆನ್ಸಿಗೆ, ದಾರಿಗೆ. ಇದನ್ನು ಮೇಡಂ ಹೇಳಿದ ದಿನ ನನಗೆ ಮೈ ಜುಂ ಅಂದಿತು. ನಾನು ಆ ನಾಲ್ಕು ಗಂಟೆಯನ್ನು ಎಷ್ಟು ಜನರಿಗೆ ಇಲ್ಲವಾಗಿಸಿದ್ದೆನೋ ಅಂತ.

ಅದೇ ದಿನ ಮೇಡಂ ಬೋರ್ಡಿನ ಮೇಲೆ ಎರಡು ಅಂಕಿ ಬರೆದರು. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರ ಸಾವು. 2018-20ರ ಲೆಕ್ಕದಲ್ಲಿ 69. "ಇಷ್ಟು ಇಳಿದಿರೋದರಲ್ಲಿ ನಿಮ್ಮ ಕೈಯೂ ಇದೆ. ಉಳಿದ 69ರಲ್ಲೂ ನಿಮ್ಮ ಕೈ ಬೇಕು," ಅಂದರು.

ತರಬೇತಿ ಅಂದರೆ ಬೆಂಚಿನ ಮೇಲೆ ಕೂರುವುದು ಸ್ವಲ್ಪ, ಲೇಬರ್ ರೂಮಿನಲ್ಲಿ ನಿಲ್ಲುವುದು ಜಾಸ್ತಿ. ರಾತ್ರಿ ಪಾಳಿಯೂ ಇತ್ತು. ನಮಗೆ ಕಲಿಸಲು ನಿಂತವರು ರಿಟೈರ್ಮೆಂಟಿಗೆ ಹತ್ತಿರವಾಗಿದ್ದ ಒಬ್ಬ ಹಿರಿಯ ಸಿಸ್ಟರ್. ಡಾಕ್ಟರುಗಳೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದರು.

ಎರಡನೇ ದಿನ ಅವರು ನನ್ನನ್ನು ಒಬ್ಬ ಚೊಚ್ಚಲು ಬಸುರಿಯ ಪಕ್ಕ ನಿಲ್ಲಿಸಿ, ಅವಳ ಹೊಟ್ಟೆಯ ಮೇಲೆ ನನ್ನ ಅಂಗೈ ಇಡಿಸಿದರು. "ಹತ್ತು ನಿಮಿಷ ಕೈ ತೆಗೀಬೇಡ. ಎಷ್ಟು ನೋವು ಬಂತು, ಒಂದೊಂದೂ ಎಷ್ಟು ಸೆಕೆಂಡು ನಿಂತಿತು, ಹೇಳು." ನಾನು ಎರಡು ನಿಮಿಷ ಇಟ್ಟು, "ಮೂರು ಬರುತ್ತೆ ಅಕ್ಕ," ಅಂದೆ. ಐಸಿಯುನಲ್ಲಿ ಮಾನಿಟರ್ ನೋಡಿ ಅಭ್ಯಾಸವಾದ ಕಣ್ಣು ನನ್ನದು. ಕೈಗೆ ಅಷ್ಟು ತಾಳ್ಮೆ ಇರಲಿಲ್ಲ. ಅಕ್ಕ ಗೋಡೆಯ ಗಡಿಯಾರ ತೋರಿಸಿದರು. "ಹತ್ತು ಅಂದ್ರೆ ಹತ್ತು."

ಮತ್ತೆ ಇಟ್ಟೆ. ಮೊದಲು ಹೊಟ್ಟೆ ಮೆತ್ತಗೆ ಇತ್ತು, ನೆನೆದ ಹಿಟ್ಟಿನ ಹಾಗೆ. ಒಂದೂವರೆ ನಿಮಿಷದ ಮೇಲೆ ಬೆರಳ ತುದಿಗೆ ಒಂಚೂರು ಬಿಗಿ ಗೊತ್ತಾಯಿತು. ಅವಳಿಗೆ ಇನ್ನೂ ನೋವೇ ಗೊತ್ತಾಗಿರಲಿಲ್ಲ. ಅವಳ ಮುಖ ಕಿವುಚುವ ಮೊದಲೇ ನನ್ನ ಅಂಗೈಗೆ ಗೊತ್ತಾಗಿತ್ತು. ಬಿಗಿ ಏರಿತು, ಏರಿತು, ಹಣೆ ಮುಟ್ಟಿದಷ್ಟು ಗಟ್ಟಿಯಾಯಿತು, ಆಮೇಲೆ ನಿಧಾನಕ್ಕೆ ಸಡಿಲವಾಯಿತು. ಸೆಕೆಂಡಿನ ಮುಳ್ಳು ನೋಡಿ ಎಣಿಸಿದೆ. 25. ಮುಂದಿನದು 30. ಹತ್ತು ನಿಮಿಷದಲ್ಲಿ ಎರಡೇ ಸಲ ಬಂದಿತ್ತು. ನಾನು ಮೂರು ಅಂದಿದ್ದೆ.

ಆ ಹತ್ತು ನಿಮಿಷದಲ್ಲಿ ಇನ್ನೂ ಒಂದು ಆಯಿತು. ಸುಮ್ನೆ ನಿಂತಿದ್ದ ನನ್ನ ಜೊತೆ ಅವಳು ಮಾತಾಡಿದಳು. ಗಂಡ ಬೆಂಗಳೂರಿನಲ್ಲಿ ಡ್ರೈವರ್, ಇನ್ನೂ ಬಂದಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. "ಕೂಗ್ಕೊಂಡ್ರೆ ಬೈತೀರೇನೋ ಅಂತ ತಡ್ಕೊಂಡಿದೀನಿ ಸಿಸ್ಟರ್," ಅಂದಳು. ನನ್ನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. "ಕೂಗ್ಕೋ ತಾಯಿ, ಯಾರೂ ಬೈಯಲ್ಲ," ಅಂದೆ. ಅವಳ ಅಮ್ಮನನ್ನು ಒಳಗೆ ಕರೆಸಿ ಪಕ್ಕದಲ್ಲಿ ಕೂರಿಸಿದೆವು. ಬಿಸಿ ಹಾಲು ಕುಡಿಸಿದೆವು. ಎರಡು ನಿಮಿಷಕ್ಕೆ ಕೈ ತೆಗೆದಿದ್ದರೆ ಇದು ಯಾವುದೂ ನನಗೆ ಗೊತ್ತಾಗುತ್ತಿರಲಿಲ್ಲ.

ನೋವು 20 ಸೆಕೆಂಡಿಗಿಂತ ಕಡಿಮೆ ಇದ್ದರೆ ಗ್ರಾಫಿನ ಮನೆಗೆ ಚುಕ್ಕಿ, 20ರಿಂದ 40 ಇದ್ದರೆ ಓರೆ ಗೆರೆ, 40 ದಾಟಿದರೆ ಮನೆ ಪೂರ್ತಿ ತುಂಬಬೇಕು. ಅರ್ಧ ಗಂಟೆಗೊಮ್ಮೆ ಇದು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ತಾಯಿಯ ನಾಡಿ. ನಾಲ್ಕು ಗಂಟೆಗೊಮ್ಮೆ ಬಿಪಿ, ಜ್ವರ. ಮೊದಲ ವಾರದ ಕೊನೆಗೆ ಜೇಬಿನ ಪೆನ್ನು ತಾನಾಗಿಯೇ ಕೈಗೆ ಬರುತ್ತಿತ್ತು.

ಎರಡನೇ ವಾರ ಗೊಂಬೆಯ ಜೊತೆ. ಹುಟ್ಟಿದ ಮಗು ಅಳದೆ ಹೋದರೆ ಮೊದಲ ಒಂದು ನಿಮಿಷದೊಳಗೆ ಅದಕ್ಕೆ ಉಸಿರು ಕೊಡಲು ಶುರುವಾಗಬೇಕು. ಗೋಲ್ಡನ್ ಮಿನಿಟ್ ಅನ್ನುತ್ತಾರೆ. ಒರೆಸಬೇಕು, ಬೆಚ್ಚಗಿಡಬೇಕು, ಕತ್ತು ಸರಿಯಾಗಿಡಬೇಕು, ಬೇಕಿದ್ದರೆ ಮೊದಲು ಬಾಯಿ ಆಮೇಲೆ ಮೂಗು ಸಕ್ಷನ್ ಮಾಡಬೇಕು, ಬೆನ್ನು ಉಜ್ಜಬೇಕು. ಆಗಲೂ ಉಸಿರಿಲ್ಲ ಅಂದರೆ ಕೈಯಲ್ಲಿ ಒತ್ತಿ ಗಾಳಿ ಕೊಡುವ ಬ್ಯಾಗ್ ಮತ್ತು ಮಾಸ್ಕ್. ಬಾಯಿಪಾಠ ಎಲ್ಲರಿಗೂ ಬರುತ್ತಿತ್ತು.

ಗೊಂಬೆಯ ಮುಂದೆ ನಿಂತಾಗ ನನ್ನ ಮಾಸ್ಕಿನ ಪಕ್ಕದಿಂದ ಗಾಳಿ ಪುಸ್ ಅಂತ ಸೋರಿತು. ಎದೆ ಏಳಲಿಲ್ಲ. ಗಟ್ಟಿಯಾಗಿ ಒತ್ತಿದೆ. ಇನ್ನೂ ಸೋರಿತು. ಅಕ್ಕ ನನ್ನ ಮಣಿಕಟ್ಟು ಹಿಡಿದು, "ಮುಖದ ಮೇಲೆ ಒತ್ತಬೇಡ, ಗದ್ದಾನ ಮಾಸ್ಕಿಗೆ ಎತ್ತು," ಅಂದರು. ಭುಜದ ಕೆಳಗೆ ಮಡಿಸಿದ ಬಟ್ಟೆ ಸ್ವಲ್ಪ ದಪ್ಪವಾಗಿತ್ತು, ಅದನ್ನು ಒಂದು ಮಡಿಕೆ ಕಡಿಮೆ ಮಾಡಿದರು. ಕತ್ತು ಹಿಂದಕ್ಕೆ ಜಾಸ್ತಿ ಬಾಗಿದರೂ ದಾರಿ ಮುಚ್ಚುತ್ತದೆ, ಮುಂದಕ್ಕೆ ಬಂದರೂ ಮುಚ್ಚುತ್ತದೆ. ಈ ಸಲ ಒತ್ತಿದಾಗ ಆ ರಬ್ಬರಿನ ಎದೆ ಮೆಲ್ಲಗೆ ಎದ್ದಿತು. ಒತ್ತು, ಎರಡು, ಮೂರು. ಒತ್ತು, ಎರಡು, ಮೂರು. ನಿಮಿಷಕ್ಕೆ 40ರಿಂದ 60. ನನಗೆ ಕಣ್ಣು ತುಂಬಿ ಬಂತು. ಹಿಂದಿನ ವರ್ಷ ಒಂದು ಮಗು ಅಳುವುದು ತಡವಾಗಿತ್ತು. ಪುಣ್ಯಕ್ಕೆ ಬೆನ್ನು ಉಜ್ಜಿದಾಗಲೇ ಅತ್ತಿತ್ತು. ಅತ್ತಿರದಿದ್ದರೆ ನನ್ನ ಕೈಯಲ್ಲಿದ್ದ ಮಾಸ್ಕ್ ಅವತ್ತೂ ಹೀಗೇ ಸೋರುತ್ತಿತ್ತು ಅಲ್ವಾ?

ಆ ದಿನದಿಂದ ಊಟದ ಬಿಡುವಿನಲ್ಲಿ ನಾಲ್ವರೂ ಗೊಂಬೆ ಇಟ್ಟುಕೊಂಡು ಕೂರುತ್ತಿದ್ದೆವು. ಒಬ್ಬರು ಮೊಬೈಲಿನಲ್ಲಿ ಟೈಮ್ ಹಿಡಿಯುವುದು, ಒಬ್ಬರು ಮಾಡುವುದು. ನನಗೆ ಮೊದಲ ದಿನ ಮೊದಲ ಉಸಿರಿಗೆ ಒಂದೂಮುಕ್ಕಾಲು ನಿಮಿಷ ಹಿಡಿದಿತ್ತು. ಐದನೇ ದಿನ 50 ಸೆಕೆಂಡಿಗೆ ಬಂತು.

ಇನ್ನೊಂದು ಕೈಕೆಲಸ ಮರೆಯಲಾಗದ್ದು, ಮ್ಯಾಗ್‌ಸಲ್ಫ್, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. ಬಿಪಿ ಏರಿ ಬಸುರಿಗೆ ಫಿಟ್ಸ್ ಬಂದರೆ, ಕಳಿಸುವ ಮೊದಲು ಮೊದಲ ಡೋಸ್ ನಾವೇ ಕೊಡಬೇಕು. ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಒಟ್ಟು 10 ಗ್ರಾಂ, ಸ್ನಾಯುವಿನ ಆಳಕ್ಕೆ. ಕಾಗದದ ಮೇಲೆ ಒಂದು ಸಾಲು. ಆದರೆ 50 ಪರ್ಸೆಂಟಿನ 2 ಎಂಎಲ್ ಆಂಪೂಲಿನಲ್ಲಿ ಇರುವುದು ಒಂದೇ ಗ್ರಾಂ. ಅಂದರೆ ಹತ್ತು ಆಂಪೂಲ್ ಒಡೆಯಬೇಕು! ಮುಂದೆ ಹೆಂಗಸು ನಡುಗುತ್ತಿರುವಾಗ, ಮನೆಯವರು ಕಿರುಚುತ್ತಿರುವಾಗ, ಹತ್ತು ಗಾಜಿನ ಕತ್ತು ಮುರಿದು ಎರಡು 10 ಎಂಎಲ್ ಸಿರಿಂಜಿಗೆ ಎಳೆಯಬೇಕು. ಅಕ್ಕ ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಒಬ್ಬರು ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ ಹಿಡಿಯುವುದು, ಒಬ್ಬರು ಆಂಪೂಲ್ ಒಡೆದು ಕೊಡುವುದು, ಒಬ್ಬರು ಎಳೆಯುವುದು ಅಂತ ನಿಲ್ಲಿಸಿ ಮಾಡಿಸಿದರು. ಆಮೇಲೆ ಕೇಳಿದರು, "ನಿಮ್ಮ ಪಿಎಚ್‌ಸಿಯಲ್ಲಿ ಹತ್ತು ಆಂಪೂಲ್ ಒಂದೇ ಕಡೆ ಇದೆಯಾ?" ನನಗೆ ಗೊತ್ತಿರಲಿಲ್ಲ. ರಾತ್ರಿ ನಮ್ಮ ಚಿಕ್ಕ ಸಿಸ್ಟರಿಗೆ ಫೋನ್ ಮಾಡಿದೆ. ಆರು ಇತ್ತು. ಆಕ್ಸಿಟೋಸಿನ್ ಎಲ್ಲಿದೆ ನೋಡು ಅಂದೆ. ಲೇಬರ್ ರೂಮಿನ ಟ್ರೇಯಲ್ಲಿದೆ ಅಂದಳು. ಅದು ಇರಬೇಕಾದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಕೊಡುವ ಆ 10 ಯೂನಿಟ್ಟೇ ರಕ್ತಸ್ರಾವ ತಡೆಯುವ ಔಷಧಿ. ಬಿಸಿಲಿಗೆ ಅದರ ಶಕ್ತಿ ಹೋಗಿದ್ದರೆ ನಾವು ಕೊಟ್ಟೂ ಕೊಡದ ಹಾಗೆ. "ಈಗಲೇ ಫ್ರಿಜ್ಜಿಗೆ ಹೊಸದು ತಂದಿಡು, ಸರ್‌ಗೆ ನಾನು ಹೇಳ್ತೀನಿ," ಅಂದೆ.

ಇಲ್ಲೊಂದು ಮಾತು ಹೇಳಬೇಕು ಅನ್ನಿಸುತ್ತದೆ. ನಮ್ಮ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸಲು 150 ಗಂಟೆಯ ಸಿಎನ್‌ಇ (ಕೆಲಸದಲ್ಲಿರುವ ನರ್ಸುಗಳ ಮುಂದುವರಿದ ಕಲಿಕೆ) ಬೇಕು. ನಿಯಮ ಒಳ್ಳೆಯದೇ. ಮೈಸೂರಿನಲ್ಲಿದ್ದಾಗ ಹಾಲ್‌ಗಳಲ್ಲಿ ಕೂತು ಎಷ್ಟೋ ಉಪನ್ಯಾಸ ಕೇಳಿದ್ದೇನೆ, ಸರ್ಟಿಫಿಕೇಟ್ ಫೈಲಿಗೆ ಹಾಕಿದ್ದೇನೆ. ಆದರೆ ಆ ಸೋರುವ ಮಾಸ್ಕ್ ಯಾವ ಹಾಲ್‌ನಲ್ಲೂ ನನಗೆ ಗೊತ್ತಾಗಲಿಲ್ಲ. ನರ್ಸುಗಳ ಕಲಿಕೆಗೆ ಗಂಟೆ ಲೆಕ್ಕ ಹಾಕುವವರು ಕೈ ಕಲಿಯುವ ಗಂಟೆಗಳಿಗೆ ಜಾಸ್ತಿ ಜಾಗ ಕೊಡಬೇಕು. ತಿಂಗಳಿಗೆ ಐದಾರು ಹೆರಿಗೆ ಆಗುವ ಕಡೆ ಕೈ ಬೇಗ ಮರೆಯುತ್ತದೆ. ಒಂದು ಸಲ 21 ದಿನ ಕಲಿಸಿ ಬಿಟ್ಟರೆ ಸಾಲದು. ವರ್ಷಕ್ಕೆ ಎರಡು ದಿನವಾದರೂ ನಮ್ಮನ್ನು ಮತ್ತೆ ಆ ಗೊಂಬೆಯ ಮುಂದೆ ನಿಲ್ಲಿಸಬೇಕು. ಹೋದವರ ಡ್ಯೂಟಿಗೆ ಬದಲಿ ಜನವನ್ನೂ ಕೊಡಬೇಕು.

ಮೂರನೇ ವಾರ ಬೇಗ ಕಳೆಯಿತು. ಪೋಸ್ಟ್ ಟೆಸ್ಟ್ ಆಯಿತು, ಸರ್ಟಿಫಿಕೇಟ್ ಕೊಟ್ಟರು. ಊರಿಗೆ ಹೊರಡುವ ದಿನ ಪೇಟೆ ಬೀದಿಗೆ ಹೋಗಿ ಒಂದು ಗೋಡೆ ಗಡಿಯಾರ ಕೊಂಡೆ. ನಮ್ಮ ಲೇಬರ್ ರೂಮಿನಲ್ಲಿದ್ದದ್ದಕ್ಕೆ ಸೆಕೆಂಡಿನ ಮುಳ್ಳೇ ಇರಲಿಲ್ಲ. ಅಂಗಡಿಯವನಿಗೆ, ಅಂಕಿ ದೊಡ್ಡದಿರಲಿ, ಸೆಕೆಂಡಿನ ಮುಳ್ಳು ಕೆಂಪಗಿರಲಿ ಅಂದೆ. ಮಾರನೇ ದಿನ ಅದನ್ನು ಮಗುವನ್ನು ಬೆಚ್ಚಗಿಡುವ ವಾರ್ಮರ್ ಎದುರಿನ ಗೋಡೆಗೆ ಹಾಕಿದೆವು. ಮಗುವಿನ ಮುಖದಿಂದ ತಲೆ ಎತ್ತಿದರೆ ಸಾಕು, ಕಾಣುತ್ತದೆ. ಮ್ಯಾಗ್‌ಸಲ್ಫ್ ಹತ್ತು ಆಂಪೂಲ್, ಎರಡು ಸಿರಿಂಜು, ಸೂಜಿ ಒಂದೇ ಡಬ್ಬಿಗೆ ಹಾಕಿ ಮೇಲೆ ಕೆಂಪು ಟೇಪು ಅಂಟಿಸಿದೆವು.

ತರಬೇತಿಯಿಂದ ಬಂದು ಮೂರು ವಾರವಾಗಿತ್ತು. ಒಂದು ರಾತ್ರಿ ಒಂಬತ್ತಕ್ಕೆ ಒಬ್ಬ ಚೊಚ್ಚಲು ಬಸುರಿ ಬಂದಳು. 4 ಸೆಂಟಿಮೀಟರ್. ಹತ್ತು ನಿಮಿಷಕ್ಕೆ ಮೂರು ನೋವು, 30 ಸೆಕೆಂಡಿನವು. ಮಗುವಿನ ಎದೆಬಡಿತ 140. ತಾಯಿ ಕಾರ್ಡಿನಲ್ಲಿ ಎಲ್ಲ ಸರಿಯಾಗಿತ್ತು. ಅರ್ಧ ಗಂಟೆಗೊಮ್ಮೆ ಬರೆಯುತ್ತಾ ಹೋದೆ. ರಾತ್ರಿ ಒಂದಕ್ಕೆ ಮತ್ತೆ ನೋಡಿದೆ. 8 ಇರಬೇಕಿತ್ತು. ಇದ್ದದ್ದು 6. ಇಂಟು ಗುರುತು ಗೆರೆಯ ಬಲಕ್ಕೆ ಬಿತ್ತು.

ಮೊದಲಾಗಿದ್ದರೆ ಕಾಯುತ್ತಿದ್ದೆ. ತಾಯಿ ಚೆನ್ನಾಗಿದ್ದಳು, ಮಗುವೂ ಚೆನ್ನಾಗಿತ್ತು. ಎಂಓ ಸರ್‌ಗೆ ಫೋನ್ ಮಾಡಿ ಗ್ರಾಫ್ ಓದಿದೆ. ಕಳಿಸಿ ಅಂದರು. 108ಕ್ಕೆ ಫೋನ್ ಮಾಡಿ ಹೊರಗೆ ಬಂದರೆ ಹುಡುಗಿಯ ಅಮ್ಮ ಒಪ್ಪಲಿಲ್ಲ. "ಇನ್ನೊಸಿ ಹೊತ್ತು ನೋಡವ್ವ, ಇಲ್ಲೇ ಆಯ್ತದೆ. ಅಲ್ಲೋದ್ರೆ ಹೊಟ್ಟೆ ಕುಯ್ತಾರೆ."

ನಾನು ಹಾಳೆಯನ್ನೇ ತಂದು ತೋರಿಸಿದೆ. "ನೋಡವ್ವ, ನಿನ್ನ ಮಗಳು ಇಲ್ಲಿಂದ ಹೊರಟಳು. ಈ ದಾರೀಲಿ ಬರಬೇಕಿತ್ತು. ಇಲ್ಲಿದಾಳೆ." ಅವರಿಗೆ ಓದಲು ಬರುತ್ತಿರಲಿಲ್ಲ. ಬೆರಳಿಂದ ಆ ಓರೆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರು. ನನ್ನ ಗುರುತಿನ ಹತ್ತಿರ ಬೆರಳು ನಿಂತಿತು. "ಈ ಗೀಟು ದಾಟ್ಬುಟ್ಟದಾ?" ಅಂದರು. ಹೌದವ್ವ ಅಂದೆ. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ ಮತ್ತೆ," ಅಂದರು.

ಕಬ್ಬು ಅರೆಯುವ ಕಾಲ ಅದು. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಹಿಡಿಯಿತು. ಲೇಬರ್ ರೂಮಿನಲ್ಲಿ ಡ್ಯೂಟಿ ಡಾಕ್ಟರ್ ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ನನ್ನನ್ನು ಏನೂ ಕೇಳಲಿಲ್ಲ, ಅದರಲ್ಲೇ ಎಲ್ಲ ಇತ್ತು. ಬೆಳಗಿನ ಜಾವ ಸಿಸೇರಿಯನ್ ಆಯಿತು. ಹೆಣ್ಣು ಮಗು, ಹುಟ್ಟಿದ ಕೂಡಲೇ ಅತ್ತಿತು ಅಂತ ಆ ಅಜ್ಜಿಯೇ ಆಶಾ ಕಾರ್ಯಕರ್ತೆಯ ಫೋನಿನಿಂದ ಹೇಳಿದರು.

ಈಗ ಶನಿವಾರ ಮಧ್ಯಾಹ್ನ ಹೊರರೋಗಿಗಳು ಕಡಿಮೆಯಾದ ಮೇಲೆ ನಾವು ಮೂವರೂ ಲೇಬರ್ ರೂಮಿನಲ್ಲಿ ಸೇರುತ್ತೇವೆ. ಹಳೆಯ ಕೇಸ್ ಶೀಟ್ ತೆಗೆದು ಗ್ರಾಫ್ ಓದುತ್ತೇವೆ. ಕೆಂಪು ಟೇಪಿನ ಡಬ್ಬಿ ತೆರೆದು ಎಣಿಸುತ್ತೇವೆ. ನಮ್ಮ ಹತ್ತಿರ ಗೊಂಬೆ ಇಲ್ಲ. ಕೊಡಿ ಅಂತ ಬರೆದು ಕೊಟ್ಟಿದ್ದೇವೆ.

ಹೋದ ತಿಂಗಳು ನಾನು ರಜೆಯಲ್ಲಿದ್ದೆ. ರಾತ್ರಿ ಎರಡೂವರೆಗೆ ಫೋನ್ ಬಂತು, ನಮ್ಮ ಚಿಕ್ಕ ಸಿಸ್ಟರದ್ದು.

"ಅಕ್ಕ, ಗೆರೆ ದಾಟಿದೆ."

"ಓದು," ಅಂದೆ.

ಅವಳು ಓದಿದಳು. ಹತ್ತಕ್ಕೆ 5, ಎರಡಕ್ಕೆ 7. ನೋವು ಹತ್ತು ನಿಮಿಷಕ್ಕೆ ಮೂರು, 35 ಸೆಕೆಂಡು. ಎದೆಬಡಿತ 148. ಗರ್ಭದ ನೀರು ತಿಳಿಯಾಗಿದೆ. ನಾಡಿ 88.

"ಸರ್‌ಗೆ ಹೇಳಿ 108ಕ್ಕೆ ಫೋನ್ ಮಾಡು."

"ಎರಡೂ ಆಯ್ತಕ್ಕ. ಗಾಡಿ ಬರ್ತಾ ಇದೆ," ಅಂದಳು.